ತಲಾಂತಿನ ಲೆಕ್ಕ: ಬಾಸೆಲ್ ಮಿಷನ್ನಿನ ಮಂಗಳೂರಿನಲ್ಲಿ ಕಸುಬು ಮತ್ತು ಸೇವೆ

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಬರುವ ತಲಾಂತುಗಳ ಸಾಮ್ಯವನ್ನು ಸಭೆಗಳ ಪ್ರಸಂಗಗಳು ಹೆಚ್ಚಾಗಿ ವೈಯಕ್ತಿಕ ಶ್ರದ್ಧೆಯ ಪಾಠವಾಗಿ ವಿವರಿಸುತ್ತವೆ: ಐದು ಪಡೆದವನು ಇನ್ನೈದು ದುಡಿದ, ಒಂದು ಪಡೆದವನು ಅದನ್ನು ನೆಲದಲ್ಲಿ ಹೂತಿಟ್ಟು ಕೆಟ್ಟ. ಈ ಓದಿನಲ್ಲಿ ಎರಡು ಸಂಗತಿಗಳು ಕೈತಪ್ಪುತ್ತವೆ. ಒಂದು ತಲಾಂತು ಸುಮಾರು 6,000 ದಿನಾರಿಗಳಿಗೆ ಸಮ. ದಿನಾರಿಯೊಂದು ಕೂಲಿಯಾಳಿನ ಒಂದು ದಿನದ ಸಂಬಳ. ಹಾಗಾದರೆ ತೀರ ಕಡಿಮೆ ಪಡೆದ ಆಳಿನ ಕೈಯಲ್ಲೂ ಸುಮಾರು ಇಪ್ಪತ್ತು ವರ್ಷಗಳ ದುಡಿಮೆಯ ಮೊತ್ತವಿತ್ತು, ಅದರಲ್ಲಿ ಒಂದು ಕಾಸೂ ಅವನದಾಗಿರಲಿಲ್ಲ. ಇನ್ನೊಂದು ಸಂಗತಿ, ಈ ಸಾಮ್ಯ ಮುಗಿದೊಡನೆ ಬರುವುದು ಅಂತಿಮ ನ್ಯಾಯತೀರ್ಪಿನ ಪ್ರಸ್ತಾಪ. ಅಲ್ಲಿ ಕೇಳುವ ಲೆಕ್ಕ ಹಸಿದವರು, ಬಾಯಾರಿದವರು, ಬಟ್ಟೆಯಿಲ್ಲದವರು, ಸೆರೆಯಲ್ಲಿರುವವರನ್ನು ಕುರಿತದ್ದು. ಎರಡು ಭಾಗಗಳನ್ನೂ ಸೇರಿಸಿ ಓದಿದರೆ ಗಳಿಕೆಯನ್ನು ಅಳೆಯುವ ಕೋಲು ನೆರೆಯವನ ಕೊರತೆಯಲ್ಲಿದೆ ಎಂಬುದು ನನ್ನ ವಾದ. ಹತ್ತೊಂಬತ್ತನೆಯ ಶತಮಾನದ ಮಂಗಳೂರು ಇದಕ್ಕೆ ಒಳ್ಳೆಯ ಆಧಾರ ಒದಗಿಸುತ್ತದೆ.

1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿನ ಬೇರು ವ್ಯೂರ್ಟೆಂಬರ್ಗಿನ ಭಕ್ತಿಪಂಥದಲ್ಲಿತ್ತು. ಅದರ ತರಬೇತಿ ಶಾಲೆಗೆ ಬಂದವರಲ್ಲಿ ರೈತರ, ಕುಶಲಕರ್ಮಿಗಳ ಮಕ್ಕಳೇ ಬಹಳ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಭಾರತಕ್ಕೆ ಬಂದಿಳಿದಾಗ ಅವರು ತಂದದ್ದು ಬೋಧನೆಯ ಕರೆ. ಕಸುಬಿನ ಪ್ರಶ್ನೆಯನ್ನು ಎತ್ತಿದ್ದು ಇಲ್ಲಿಯ ನೆಲ. ಕ್ರೈಸ್ತರಾದವರು ಜಾತಿಯ ಆಸರೆಯನ್ನು, ಎಷ್ಟೋ ಸಲ ಕುಲಕಸುಬನ್ನೂ ಕಳೆದುಕೊಂಡರು. ಬಿಲ್ಲವ ಮೂಲದವರು ಶೇಂದಿ ಇಳಿಸುವುದನ್ನು ಬಿಡಬೇಕೆಂದು ಸಭೆ ಬಯಸಿತು. ಬಿಟ್ಟವರ ಮನೆಯಲ್ಲಿ ಒಲೆ ಹೊತ್ತಬೇಕಲ್ಲ? ಆ ಪ್ರಶ್ನೆಗೆ ಪ್ರಸಂಗದಿಂದ ಉತ್ತರ ಕೊಡಲಾಗುತ್ತಿರಲಿಲ್ಲ.

1851ರಲ್ಲಿ ಬಂದ ಇಬ್ಬರನ್ನು ಇಲ್ಲಿ ನೆನೆಯಬೇಕು. ನೇಕಾರ ಹಾಲರ್ ಮಗ್ಗದ ಕೆಲಸವನ್ನು ಬೆಳೆಸಿದ. ಖಾಕಿ ಬಣ್ಣದ ಕೀರ್ತಿಯೂ ಅವನಿಗೆ ಸಲ್ಲುತ್ತ ಬಂದಿದೆ. ಜಾರ್ಜ್ ಪ್ಲೆಬ್ಸ್ಟ್ ಯಂತ್ರ ಬಲ್ಲವನು, ಮುದ್ರಣಾಲಯಕ್ಕಾಗಿ ಬಂದವನು. ಕರಾವಳಿಯ ಜೇಡಿಮಣ್ಣು ಅವನ ಕಣ್ಣಿಗೆ ಬಿತ್ತು. ಜರ್ಮನಿಗೆ ಹೋಗಿ ಮಣ್ಣು ಸುಡುವ ವಿದ್ಯೆ ಕಲಿತು ಮರಳಿ, 1865ರಲ್ಲಿ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ಮಿಷನ್ನಿನ ಚರಿತ್ರೆಯಲ್ಲಿ ಬೋಧಕರಿಗೆ ಸಿಕ್ಕ ಪುಟಗಳು ಇವನಿಗೆ ಸಿಕ್ಕಿಲ್ಲ. ಆದರೆ ಮೇಲಿನ ಎರಡು ಭಾಗಗಳನ್ನು ಒಟ್ಟಿಗೆ ಬಾಳಿದವನು ಇವನೇ ಎಂದು ನಾನು ನಂಬುತ್ತೇನೆ. ತನಗಿದ್ದ ವಿದ್ಯೆಯಷ್ಟಕ್ಕೇ ಅವನು ತೃಪ್ತನಾಗಲಿಲ್ಲ. ನೆರೆಯವನಿಗೆ ಬೇಕಾದ ವಿದ್ಯೆಯನ್ನು ಹುಡುಕಿಕೊಂಡು ಹೋದ. ಸೇವೆಯೇ ಇಲ್ಲಿ ತಲಾಂತನ್ನು ಹುಟ್ಟಿಸಿತು.

ಈ ಚಿತ್ರಕ್ಕೆ ಕಪ್ಪು ಬದಿಯೂ ಇದೆ. ಸಂಬಳ ಕೊಡುವವರೂ ಸಭಾಶಿಸ್ತು ನಡೆಸುವವರೂ ಒಂದೇ ಸಂಸ್ಥೆಯವರಾದ್ದರಿಂದ ಕೆಲಸಗಾರನ ಆತ್ಮವೂ ಹೊಟ್ಟೆಯೂ ಒಂದೇ ಕೈಯಲ್ಲಿದ್ದವು. ಕೊಡುವವರು ಯುರೋಪಿನವರು, ಪಡೆಯುವವರು ತುಳುನಾಡಿನವರು ಎಂಬ ಎಣಿಕೆ ಸಂಶೋಧನೆಯಲ್ಲೂ ಉಳಿದುಕೊಂಡಿದೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 12ನೆಯ ಅಧ್ಯಾಯ ಇದನ್ನು ಒಪ್ಪುವುದಿಲ್ಲ: ದೇಹದಲ್ಲಿ ಬಲಹೀನವೆಂದು ತೋರುವ ಅಂಗವೂ ಅಗತ್ಯವಾದದ್ದು. ಮಣ್ಣು ಕಲಸಿದವರು, ಗೂಡಿಗೆ ಬೆಂಕಿಯಿಟ್ಟವರು, ಅಚ್ಚುಮೊಳೆ ಜೋಡಿಸಿದವರು, ಹಳಗನ್ನಡದ ಪಾಠ ಹೇಳಿದ ಪಂಡಿತರು, ಇವರೆಲ್ಲರೂ ವರಗಳನ್ನು ಕೊಟ್ಟವರೇ.

ಪಂಡಿತರ ಮಾತು ಬಂದಾಗ ಮುದ್ರಣದ ಕಡೆಗೂ ನೋಡಬೇಕಾಗುತ್ತದೆ. ಮಿಷನ್ನಿನ ಬೋಧಕ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರತಂದ, ಮುಂದೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚು ಹಾಕಿಸಿದ. ಮತಪ್ರಚಾರಕ್ಕಷ್ಟೇ ಪ್ರತಿಭೆ ಮೀಸಲು ಎಂಬ ಸೂತ್ರದಿಂದ ಇದನ್ನು ವಿವರಿಸಲು ಬರುವುದಿಲ್ಲ. ಜನರ ನುಡಿಯನ್ನು ಅರಿಯುವ ಅಗತ್ಯವಿತ್ತು, ನಿಜ. ಅಗತ್ಯವನ್ನು ಮೀರಿದ ಪ್ರೀತಿಯೂ ಅಲ್ಲಿ ಕಾಣುತ್ತದೆ. ಪೇತ್ರನ ಮೊದಲನೆಯ ಪತ್ರಿಕೆ (4:10) ದೇವರ ವಿವಿಧ ಕೃಪೆಗೆ ಒಳ್ಳೆಯ ಮನೆವಾರ್ತೆಯವರಾಗಿರಿ ಎಂದು ಕೇಳುವಾಗ ಇಂಥದ್ದೇ ಉದಾರತೆ ಅದರ ಮನಸ್ಸಿನಲ್ಲಿದ್ದಿರಬೇಕು.

ಅದೇ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಂದು, ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ, 1894ರಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಮಂಗಳೂರಿನ ಮಿಷನ್ ಮುದ್ರಣಾಲಯದಿಂದಲೇ ಪ್ರಕಟಿಸಿದ. ಮುಂದಿನ ಶತಮಾನದಲ್ಲಿ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿದರು. ಮದರಾಸು ವಿಶ್ವವಿದ್ಯಾನಿಲಯ 1968ರಿಂದ 1971ರವರೆಗೆ ಅದನ್ನು ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಮಿಷನ್ನಿನ ದುಡಿಮೆ ಸಭೆಯ ಎಲ್ಲೆ ದಾಟಿ ಕನ್ನಡ ವಿದ್ವತ್ತಿನ ಆಸ್ತಿಯಾಯಿತು. ಸಭೆಗೆ ಎಷ್ಟು ಜನ ಸೇರಿದರು ಎಂಬ ಅಂಕಿಯಿಂದಲೇ ಮಿಷನ್ನಿನ ಫಲವನ್ನು ಎಣಿಸುವ ವರದಿಗಳಲ್ಲಿ ಈ ಗಳಿಕೆಗೆ ಕಾಲಂ ಇಲ್ಲ. ಹಸಿದವರ ಕಥೆಯ ಜೊತೆಗಿಟ್ಟು ಓದುವ ದೈವಶಾಸ್ತ್ರದಲ್ಲಿ ನಿಘಂಟೂ ಹಂಚೂ ಒಂದೇ ಖಾತೆಗೆ ಸೇರುತ್ತವೆ.