ಕುರಿ ನಡೆದ ದಾರಿ, ಲೆಕ್ಕ ಬರೆದ ಊರು: ಇಟಲಿಯ ತ್ರತ್ತೂರೊ ಕಥೆ

ಇವತ್ತಿನ ಕಂತು ಇಟಲಿಯದು. ಆದರೆ ವೆನಿಸ್ಸಿನ ದೋಣಿ, ಪಿಸಾದ ವಾಲಿದ ಗೋಪುರ ಯಾವುದೂ ಇದರಲ್ಲಿಲ್ಲ. ನಾವು ಹೋಗ್ತಿರೋದು ಅಬ್ರುತ್ಸೊ ಮತ್ತು ಮೊಲಿಸೆ ಅನ್ನೋ ಎರಡು ಬೆಟ್ಟದ ಸೀಮೆಗಳಿಗೆ. ಮೊಲಿಸೆ ಬಗ್ಗೆ ಇಟಲಿಯ ಹುಡುಗರೇ ಒಂದು ಮೀಮ್ ಮಾಡಿಕೊಂಡಿದ್ದಾರೆ: "ಮೊಲಿಸೆ ಅನ್ನೋದು ಇಲ್ಲವೇ ಇಲ್ಲ" ಅಂತ. ಅಷ್ಟು ಚಿಕ್ಕದು, ಅಷ್ಟು ಯಾರ ಕಣ್ಣಿಗೂ ಬೀಳದ್ದು. 1963ರವರೆಗೆ ಅದು ಅಬ್ರುತ್ಸೊ ಜೊತೆಗೇ ಸೇರಿಕೊಂಡಿತ್ತು. 1951ರ ಜನಗಣತಿಯಲ್ಲಿ 4 ಲಕ್ಷ ದಾಟಿದ್ದ ಜನ ಈಗ 3 ಲಕ್ಷಕ್ಕಿಂತ ಕಡಿಮೆ.

ಒಂದು ಕೆಲಸ ಮಾಡಿ. ಕೇಳ್ತಾ ಕೇಳ್ತಾನೇ ಫೋನಲ್ಲಿ ಮ್ಯಾಪ್ ತೆಗೆದು, ಸ್ಯಾಟಲೈಟ್ ನೋಟಕ್ಕೆ ಹಾಕಿ, ಸೆಪಿನೊ ಹತ್ತಿರದ ಆಲ್ತೀಲಿಯಾ ಅಂತ ಹುಡುಕಿ. ಹೊಲಗಳ ನಡುವೆ ಪಾಳುಬಿದ್ದ ರೋಮನ್ ಪಟ್ಟಣವೊಂದು ಕಾಣುತ್ತೆ. ಅದರ ಹಳೇ ಹೆಸರು ಸೇಪಿನುಮ್. ಅದರ ಮುಖ್ಯ ಬೀದಿ ಒಂದು ಬಾಗಿಲಿಂದ ಒಳಗೆ ಬಂದು ಇನ್ನೊಂದರಿಂದ ಹೊರಗೆ ಹೋಗುತ್ತೆ. ಅದು ಬರೀ ಬೀದಿ ಅಲ್ಲ, ಕುರಿಗಳ ಹೆದ್ದಾರಿ. ಅದಕ್ಕೇ ತ್ರತ್ತೂರೊ ಅನ್ನೋದು. ಇವತ್ತು ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಚಾರಣಕ್ಕೆ ಬರೋರು ನಡೆಯೋದು ಇದೇ ದಾರಿಗಳ ಮೇಲೆ.

ವಿಷಯ ಸರಳ. ಅಪೆನ್ನೈನ್ ಬೆಟ್ಟಗಳಲ್ಲಿ ಬೇಸಿಗೆಯಲ್ಲಿ ಒಳ್ಳೇ ಹುಲ್ಲು, ಚಳಿಗಾಲದಲ್ಲಿ ಹಿಮ. ಗ್ರಾನ್ ಸಾಸ್ಸೊ ಶಿಖರ 2,912 ಮೀಟರ್ ಎತ್ತರ, ಅಲ್ಲಿ ಜನವರಿಯಲ್ಲಿ ಕುರಿ ಏನು ತಿನ್ನಬೇಕು? ಕೆಳಗೆ ಪೂಲಿಯಾ ಸೀಮೆಯಲ್ಲಿ ತಾವೊಲಿಯೆರೆ ಅನ್ನೋ ದೊಡ್ಡ ಬಯಲಿದೆ. ಅಲ್ಲಿ ಎಲ್ಲಾ ತಿರುಗುಮುರುಗು: ಚಳಿಗಾಲದಲ್ಲಿ ಹಸಿರು, ಬೇಸಿಗೆಯಲ್ಲಿ ಕಾದ ಹೆಂಚು. ಹಾಗಾಗಿ ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಮಂದೆ ಕೆಳಗೆ, ಮೇ ಬಂತು ಅಂದ್ರೆ ಮೇಲೆ. ಇದಕ್ಕೆ ಇಟಲಿಯವರ ಮಾತು ಟ್ರಾನ್ಸುಮಾಂತ್ಸಾ.

ಪ್ರವಾಸದ ಪುಸ್ತಿಕೆಗಳು ಇಲ್ಲಿಗೇ ನಿಲ್ಲಿಸಿ ಸೂರ್ಯಾಸ್ತದ ಫೋಟೋ ಹಾಕಿಬಿಡ್ತವೆ. ನಾನು ಬಿ.ಕಾಂ. ಓದಿದವನು, ನನಗೆ ಲೆಕ್ಕದ ಪುಸ್ತಕ ಕಾಣದೆ ಇತಿಹಾಸ ರುಚಿಸಲ್ಲ. ಈ ದಾರಿಗಳ ಕಥೆಯಲ್ಲಿ ಲೆಕ್ಕಿಗರು ಶುರುವಿಂದಲೂ ಇದ್ದಾರೆ.

ಸೇಪಿನುಮ್‌ಗೆ ವಾಪಸ್ ಬರೋಣ. ಬೊಯಾನೊ ಊರಿನ ಕಡೆಗಿರೋ ಬಾಗಿಲಿನ ಕಲ್ಲಿನ ಮೇಲೆ ಲ್ಯಾಟಿನ್ ಶಾಸನವೊಂದಿದೆ. ಕಾಲ ಸುಮಾರು ಕ್ರಿ.ಶ. 170, ಚಕ್ರವರ್ತಿ ಮಾರ್ಕಸ್ ಆರೇಲಿಯಸ್ ಆಳ್ವಿಕೆ. ಶಾಸನ ಅಂದ್ರೆ ದಾನ, ವಿಜಯ, ಹೊಗಳಿಕೆ ಅಂದ್ಕೋಬೇಡಿ. ಇದು ಆಫೀಸಿನ ಫಾರ್ವರ್ಡ್ ಮಾಡಿದ ಮೇಲ್ ಇದ್ದ ಹಾಗಿದೆ. ಒಂದರ ಕೆಳಗೆ ಒಂದು, ಮೂರು ಪತ್ರ. ಕೆಳಗಿನ ಅಧಿಕಾರಿ ಸೆಪ್ಟಿಮಿಯಾನಸ್, ತನ್ನ ಮೇಲಿನವನಾದ ಕಾಸ್ಮಸ್‌ಗೆ ಬರೀತಾನೆ. ಈ ಕಾಸ್ಮಸ್ ಯಾರು ಗೊತ್ತಾ? ಅರಮನೆಯ ಲೆಕ್ಕಪತ್ರದ ಮುಖ್ಯಸ್ಥ, ಒಂದು ಕಾಲಕ್ಕೆ ಗುಲಾಮನಾಗಿದ್ದು ಬಿಡುಗಡೆ ಆದವನು. ದೂರು ಏನಪ್ಪಾ ಅಂದ್ರೆ, ಚಕ್ರವರ್ತಿಯ ಕುರಿಗಳನ್ನ ಗುತ್ತಿಗೆ ಹಿಡಿದವರು ಬೆಟ್ಟದಿಂದ ಬರುವಾಗ ಸೇಪಿನುಮ್ ಮತ್ತು ಬೊವಿಯಾನುಮ್ ಊರಿನ ಅಧಿಕಾರಿಗಳು, ಪೊಲೀಸರು ಅವರನ್ನ ತಡೀತಾರೆ. "ನೀವು ಓಡಿಬಂದ ಗುಲಾಮರು, ಈ ಪ್ರಾಣಿಗಳು ಕದ್ದ ಮಾಲು" ಅಂತ ಹಿಡಿದಿಟ್ಟುಕೊಳ್ತಾರೆ. ಆ ಗಲಾಟೆಯಲ್ಲಿ ಚಕ್ರವರ್ತಿಯ ಕುರಿಗಳೇ ಕಾಣೆಯಾಗ್ತವೆ. ಪತ್ರ ಬರೆದು ಬುದ್ಧಿ ಹೇಳಿದರೆ, "ನಿನ್ನ ಪತ್ರವೂ ಬೇಡ, ನಿನ್ನ ಸಾಹೇಬರ ಪತ್ರವೂ ಬೇಡ, ಕೇರ್ ಮಾಡಲ್ಲ" ಅನ್ನೋ ಧಾಟಿಯ ಉತ್ತರ ಬಂತಂತೆ. ಕಾಸ್ಮಸ್ ಇದನ್ನ ರೋಮಿನ ಅತಿ ದೊಡ್ಡ ಅಧಿಕಾರಿಗಳಿಗೆ ಕಳಿಸಿದ. ಅವರು ಊರಿನವರಿಗೆ ನೇರವಾಗಿ ಎಚ್ಚರಿಕೆ ಕೊಟ್ಟರು: ಹೀಗೇ ಮುಂದುವರಿದರೆ ವಿಚಾರಣೆ, ಸಾಬೀತಾದರೆ ಶಿಕ್ಷೆ. ಅದನ್ನ ಅದೇ ಊರಿನ ಬಾಗಿಲಿಗೇ ಕೆತ್ತಿಸಿದ್ದಾರೆ ನೋಡಿ! ದಿನಾ ಹೋಗ್ತಾ ಬರ್ತಾ ಓದಿಕೊಳ್ಳಲಿ ಅಂತ.

ನನಗೆ ಈ ಕಲ್ಲು ಯಾಕೆ ಮುಖ್ಯ ಅನ್ನಿಸುತ್ತೆ ಅಂದ್ರೆ, ಅಲೆಯುವ ಕುರಿಗಾಹಿಯನ್ನ ನೆಲೆ ನಿಂತ ಊರು ನೋಡುವ ಕಣ್ಣು ಅದರಲ್ಲಿದೆ. ಗುರುತಿಲ್ಲದವನು, ಹಾಗಾದರೆ ಕಳ್ಳ. ಅವನ ಪರವಾಗಿ ರೋಮ್ ಮಾತಾಡಿತು, ನಿಜ. ಆದರೆ ಅವನಿಗಾಗಿ ಅಲ್ಲ. ಕುರಿ ಚಕ್ರವರ್ತಿಯದು, ನಷ್ಟ ಖಜಾನೆಯದು.

ಮುಂದಿನ ಸಾವಿರ ವರ್ಷ ಜಿಗಿದುಬಿಡೋಣ. 1447. ನೇಪಲ್ಸ್ ರಾಜ್ಯವನ್ನ ಗೆದ್ದುಕೊಂಡಿದ್ದ ಅರಗೊನ್ ವಂಶದ ಆಲ್ಫೊನ್ಸೊ ಒಂದು ಇಲಾಖೆ ಕಟ್ಟಿದ. ಹೆಸರು ದೊಗಾನಾ. ಅಂದ್ರೆ ಸುಂಕದ ಕಟ್ಟೆ. (ಬೆಂಗಳೂರಿನವರಿಗೆ ಸುಂಕದಕಟ್ಟೆ ಅಂದ್ರೆ ಬಸ್ಸಿನ ಬೋರ್ಡು ನೆನಪಾಗುತ್ತೆ, ಗೊತ್ತು.) ಕೆಲವೇ ವರ್ಷದಲ್ಲಿ, 1468ರಲ್ಲಿ, ಅದರ ಕಚೇರಿ ಫೊಜ್ಜಾ ಊರಿಗೆ ಬಂತು. ನಿಯಮ ಹೀಗೆ: ಬೆಟ್ಟದ ಕುರಿ ಮಾಲೀಕರು ಚಳಿಗಾಲಕ್ಕೆ ರಾಜನ ಬಯಲಿಗೇ ಬರಬೇಕು, ನೂರು ಕುರಿಗೆ ಇಷ್ಟು ಅಂತ ಮೇವಿನ ಸುಂಕ ಕಟ್ಟಬೇಕು. ಬದಲಿಗೆ ಅವರಿಗೆ ಹುಲ್ಲುಗಾವಲು, ಓಡಾಡೋ ದಾರಿ, ಕಡಿಮೆ ಬೆಲೆಗೆ ಉಪ್ಪು, ಜೊತೆಗೆ ಅವರದೇ ನ್ಯಾಯಾಲಯ. ದಾರಿಯಲ್ಲಿ ಸಿಕ್ಕ ಜಮೀನ್ದಾರ ಅವರನ್ನ ತನ್ನ ಕೋರ್ಟಿಗೆ ಎಳೆಯೋ ಹಾಗಿಲ್ಲ. "ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ" ಅಂತ ನಮ್ಮಲ್ಲಿ ಗಾದೆ. ಇಲ್ಲಿ ಮಾತ್ರ ಕುರಿಗಾಹಿ ಹೇಳಿಕೊಳ್ಳಬೇಕಾಗಿದ್ದೇ ಸುಂಕದವನ ಹತ್ತಿರ.

ಸುಂಕ ವಸೂಲಿಯ ವಿಧಾನ ನನಗೆ ಬಹಳ ಇಷ್ಟ ಆಯ್ತು. ಶರತ್ಕಾಲದಲ್ಲಿ ಬಂದಾಗ ಕೈಯಲ್ಲಿ ದುಡ್ಡಿರಲ್ಲ. ವಸಂತದಲ್ಲಿ ಉಣ್ಣೆ ಕತ್ತರಿಸಿ ಫೊಜ್ಜಾದ ಗೋದಾಮಿನಲ್ಲಿ ಇಡಬೇಕು, ಮೇ ತಿಂಗಳ ಜಾತ್ರೆಯಲ್ಲಿ ಮಾರಬೇಕು, ಸುಂಕ ತೀರಿಸಿದ ಮೇಲೆ ಮಾಲು ಹೊರಗೆ. ಅಡಮಾನ, ಸಾಲದ ಅವಧಿ, ಮಾರುಕಟ್ಟೆ, ಮೂರೂ ಒಂದೇ ಊರಲ್ಲಿ. ನಮ್ಮ ಬ್ಯಾಂಕಿಂಗ್ ಪೇಪರ್‌ಗೆ ಇದನ್ನೇ ಉದಾಹರಣೆ ಕೊಟ್ಟಿದ್ದರೆ ಚೆನ್ನಾಗಿರ್ತಿತ್ತು.

ಇನ್ನೊಂದು ತಮಾಷೆ ಕೇಳಿ. 16ನೇ ಶತಮಾನದ ಮಧ್ಯದಿಂದ ಅಧಿಕಾರಿಗಳು ಕುರಿ ಎಣಿಸೋದು ಬಿಟ್ಟು, ಮಾಲೀಕ ತಾನೇ ಘೋಷಿಸಿಕೊಳ್ಳೋ ಪದ್ಧತಿ ಬಂತು. ತೆರಿಗೆ ಅಂದ ಮೇಲೆ ಜನ ಕಡಿಮೆ ತೋರಿಸ್ತಾರೆ ಅಲ್ವಾ? ಇವರು ಹೆಚ್ಚು ತೋರಿಸಿದರು! ಯಾಕಂದ್ರೆ ಯಾರು ಹೆಚ್ಚು ಕುರಿ ಬರೆಸ್ತಾರೋ ಅವರಿಗೆ ಹೆಚ್ಚು ಹುಲ್ಲುಗಾವಲು. ದೊಡ್ಡ ಮಾಲೀಕರು ಇಲ್ಲದ ಕುರಿಗೂ ಸುಂಕ ಕಟ್ಟಿ ಒಳ್ಳೇ ಜಾಗ ಹಿಡಿದರು, ಖಜಾನೆಯೂ ಖುಷಿ. ಪುಸ್ತಕದಲ್ಲಿ ಕುರಿಗಳು 50 ಲಕ್ಷ ದಾಟಿದ ವರ್ಷಗಳಿವೆ. ಇವತ್ತಿಗೂ ಕೆಲವರು ಆ ಸಂಖ್ಯೆಯನ್ನ ನಿಜವಾದ ಕುರಿ ಅಂತಲೇ ಹೇಳ್ತಾರೆ, ದಯವಿಟ್ಟು ನಂಬಬೇಡಿ. 1611–12ರ ಕ್ರೂರ ಚಳಿಗಾಲದಲ್ಲಿ ಮಂದೆಗಳು ರಾಶಿ ರಾಶಿ ಸತ್ತ ಮೇಲೆ ಆ ಕಾಗದದ ಕುರಿಗಳೂ ಉಳಿಯಲಿಲ್ಲ.

ಈಗ ದಾರಿಯ ಅಗಲ ನೋಡಿ. ದೊಡ್ಡ ತ್ರತ್ತೂರೊ ಅಂದ್ರೆ 60 ನೇಪಲ್ಸ್ ಹೆಜ್ಜೆ, ಸುಮಾರು 111 ಮೀಟರ್. ಫುಟ್‌ಬಾಲ್ ಮೈದಾನದ ಉದ್ದಕ್ಕಿಂತ ಸ್ವಲ್ಪ ಜಾಸ್ತಿ. ಲಾಕ್ವಿಲಾದಿಂದ ಫೊಜ್ಜಾವರೆಗಿನ ಅತಿ ಉದ್ದದ ದಾರಿ 244 ಕಿಲೋಮೀಟರ್. ಗುಣಿಸಿದರೆ ಒಂದೇ ದಾರಿಗೆ 6,600 ಎಕರೆಗಿಂತ ಹೆಚ್ಚು ನೆಲ. ಇಷ್ಟು ಯಾಕೆ? ಕುರಿ ನಡೀತಾ ನಡೀತಾನೇ ಮೇಯಬೇಕು. ಅಂದ್ರೆ ದಾರಿಯೇ ದಾರಿಯ ಬುತ್ತಿ.

ಪಕ್ಕದ ರೈತನ ಕಡೆಯಿಂದಲೂ ಯೋಚಿಸಿ. ಮನೆ ಮುಂದೆ ಅಷ್ಟು ಅಗಲದ ಉಳದ ನೆಲ, ವರ್ಷಕ್ಕೆರಡು ಸಲ ಮಾತ್ರ ಮಂದೆ. ಪ್ರತಿ ವರ್ಷ ಒಂದೆರಡು ಸಾಲು ಒಳಗೆ ನೇಗಿಲು ತಳ್ಳಿದರೆ ಯಾರು ಕೇಳ್ತಾರೆ? ಒತ್ತುವರಿ ನಮಗೆ ಹೊಸ ವಿಷಯವೇನಲ್ಲವಲ್ಲ. ಅದಕ್ಕೇ ದೊಗಾನಾ ಆಗಾಗ ಮರು ಸರ್ವೆ ಮಾಡಿಸ್ತಿತ್ತು. 1650ರ ಹೊತ್ತಿಗೆ ಕಪೆಚೆಲಾತ್ರೊ ಅನ್ನೋ ಅಧಿಕಾರಿ ನಡೆಸಿದ ದೊಡ್ಡ ಸರ್ವೆಯ ನಕ್ಷೆಗಳು ಫೊಜ್ಜಾದ ಸರ್ಕಾರಿ ದಾಖಲೆ ಭಂಡಾರದಲ್ಲಿವೆ. ದಾರಿ ಪಕ್ಕ ರಾಜನ ತ್ರತ್ತೂರೊ ಅಂತ ಸೂಚಿಸೋ ಎರಡಕ್ಷರ ಕೆತ್ತಿದ ಗಡಿಕಲ್ಲುಗಳು ಚಾರಣಿಗರಿಗೆ ಈಗಲೂ ಅಲ್ಲಲ್ಲಿ ಸಿಗ್ತವೆ. ಹಾಗಂತ ರೈತ ಖಳನಾಯಕ ಅಲ್ಲ. ತಾವೊಲಿಯೆರೆಯಂಥ ಫಲವತ್ತಾದ ಬಯಲಲ್ಲಿ ಗೋಧಿ ಬೆಳೆಯೋಕೆ ಮಿತಿ ಹಾಕಿ ಕುರಿಗೆ ಕೊಟ್ಟಿದ್ದು ಖಜಾನೆಗೆ ಲಾಭ, ಹಸಿದವನಿಗಲ್ಲ.

ಬೆಟ್ಟದಲ್ಲಿ ಉಳಿದವರ ಕಥೆ ಪುಸ್ತಿಕೆಗಳಲ್ಲಿ ಒಂದು ಸಾಲೂ ಬರಲ್ಲ. ಗಂಡಸರು ವರ್ಷದಲ್ಲಿ ಏಳೆಂಟು ತಿಂಗಳು ಊರಲ್ಲಿರಲ್ಲ. ಹಿಮದಲ್ಲಿ ಮನೆ, ಮಕ್ಕಳು, ಮುದುಕರು, ಸೌದೆ, ಎಲ್ಲಾ ಹೆಂಗಸರ ತಲೆ ಮೇಲೆ. ಅಬ್ರುತ್ಸೊದ ಸ್ಕಾನ್ನೊ ಅಂಥದೇ ಕುರುಬರ ಊರು. 1951ರಲ್ಲಿ ಫೋಟೋಗ್ರಾಫರ್ ಹೆನ್ರಿ ಕಾರ್ತಿಯೇ ಬ್ರೆಸೋ, ಕೆಲ ವರ್ಷದ ನಂತರ ಮಾರಿಯೊ ಜಾಕೊಮೆಲ್ಲಿ ಅಲ್ಲಿಗೆ ಹೋಗಿದ್ದರು. ಆ ಚಿತ್ರಗಳನ್ನ ಹುಡುಕಿ ನೋಡಿ. ಕಪ್ಪು ಉಡುಪಿನ ಹೆಂಗಸರು, ಕಲ್ಲಿನ ಬೀದಿ. ಅಲ್ಲಿನ ಮೌನವನ್ನ ಎಲ್ಲರೂ ಸೌಂದರ್ಯ ಅಂತಾರೆ. ನನಗೆ ಅದು ಕಾದು ಸುಸ್ತಾದವರ ಮೌನದ ಹಾಗೆ ಕಾಣುತ್ತೆ.

1806ರಲ್ಲಿ ನೆಪೋಲಿಯನ್‌ನ ಅಣ್ಣ ಜೋಸೆಫ್ ಬೊನಾಪಾರ್ಟ್ ನೇಪಲ್ಸ್ ರಾಜನಾಗಿದ್ದಾಗ ದೊಗಾನಾ ರದ್ದಾಯ್ತು. 1865ರಲ್ಲಿ, ಒಂದಾದ ಇಟಲಿಯ ಕಾನೂನು ತಾವೊಲಿಯೆರೆ ನೆಲವನ್ನ ಹಳೇ ಹಂಗಿನಿಂದ ಬಿಡಿಸಿತು, ನೇಗಿಲು ಗೆದ್ದಿತು. ಆಮೇಲೆ ರೈಲು, ಆಮೇಲೆ ಲಾರಿ. 1908ರ ಕಾನೂನು ನಾಲ್ಕೇ ದೊಡ್ಡ ದಾರಿ ಉಳಿಸಿಕೊಂಡಿತು: ಲಾಕ್ವಿಲಾ–ಫೊಜ್ಜಾ, ಚೆಲಾನೊ–ಫೊಜ್ಜಾ, ಕಾಸ್ತೆಲ್ ದಿ ಸಾಂಗ್ರೊ–ಲುಚೆರಾ, ಪೆಸ್ಕಾಸೆರೊಲಿ–ಕಾಂದೆಲಾ. ಉಳಿದವು ಮಾರಾಟಕ್ಕೆ, ಉಳುಮೆಗೆ. 1976ರಲ್ಲಿ ಮೊಲಿಸೆಯ ತ್ರತ್ತೂರೊಗಳಿಗೆ ಪುರಾತತ್ವದ ರಕ್ಷಣೆ ಸಿಕ್ಕಿತು. 2019ರಲ್ಲಿ ಇಟಲಿ, ಗ್ರೀಸ್, ಆಸ್ಟ್ರಿಯಾ ಸೇರಿ ಕೇಳಿಕೊಂಡಾಗ ಯುನೆಸ್ಕೊ ಟ್ರಾನ್ಸುಮಾಂತ್ಸಾವನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 2023ರಲ್ಲಿ ಇನ್ನಷ್ಟು ದೇಶಗಳು ಕೂಡಿಕೊಂಡವು.

ಪಟ್ಟಿಗೆ ಸೇರಿದ್ದು ಅಭ್ಯಾಸ. ನೆಲದ ವಿಷಯ ಬೇರೆ. 111 ಮೀಟರ್ ಅನ್ನೋದು ಎಷ್ಟೋ ಕಡೆ ಈಗ ಕಾಲುದಾರಿ. ಮಧ್ಯದಲ್ಲಿ ಟಾರು ರಸ್ತೆ, ಬೇಲಿ, ಗೋಧಿ ಹೊಲ. ಚಾರಣಿಗರು ಬಂದರೆ ಒಳ್ಳೇದೇ, ನಡೆದಷ್ಟು ದಾರಿ ಉಳಿಯುತ್ತೆ ಅಂತ ನಾನೂ ನಂಬ್ತೀನಿ. ಆದರೆ ಎರಡು ಕಾಲಿಗೆ ಎರಡಡಿ ಸಾಕು. ಅಷ್ಟಗಲದ ನೆಲ ಬೇಕಾಗೋದು ಮಂದೆಗೆ ಮಾತ್ರ.

ಮಂದೆ ಪೂರ್ತಿ ನಿಂತಿಲ್ಲ. ಈಚಿನ ವರ್ಷಗಳಲ್ಲೂ ಮೇ ಕೊನೆಯಲ್ಲಿ ಪೂಲಿಯಾದ ಸಾನ್ ಮಾರ್ಕೊ ಇನ್ ಲಾಮಿಸ್‌ನಿಂದ ಮೊಲಿಸೆಯ ಫ್ರೊಸೊಲೊನೆವರೆಗೆ ಒಂದು ಕುಟುಂಬ ನೂರಾರು ದನಗಳನ್ನ ನಡೆಸಿಕೊಂಡು ಹೋಗಿದೆ. ಸುಮಾರು 180 ಕಿಲೋಮೀಟರ್, ನಾಲ್ಕು ದಿನ. ಟಾರು ರಸ್ತೆ ದಾಟುವಾಗ ಕಾರುಗಳು ಸಾಲಾಗಿ ನಿಲ್ತವೆ, ಕೊನೆಯ ಕರು ದಾಟೋವರೆಗೂ.