ಪಲ್ವಂಕರ್ ಬಾಲೂ

ಪಲ್ವಂಕರ್ ಬಾಲೂ ಧಾರವಾಡದಲ್ಲಿ ಜನಿಸಿದ ಭಾರತೀಯ ಕ್ರಿಕೆಟ್ ಆಟಗಾರ. ಎಡಗೈ ಸ್ಪಿನ್ ಬೌಲರ್ ಆಗಿದ್ದ ಇವರು ದಲಿತ ಸಮುದಾಯದಿಂದ ಬಂದ ಮೊದಲ ಪ್ರಮುಖ ಭಾರತೀಯ ಕ್ರಿಕೆಟಿಗರೆಂದು ಪರಿಗಣಿತರಾಗಿದ್ದಾರೆ. ಮೈದಾನದ ಕೂಲಿಯಾಳಾಗಿ ಆಟದ ಲೋಕವನ್ನು ಪ್ರವೇಶಿಸಿದ ಬಾಲೂ, ತಮ್ಮ ಕಾಲದ ಅತ್ಯುತ್ತಮ ಬೌಲರುಗಳಲ್ಲಿ ಒಬ್ಬರಾದರು.

ಆರಂಭಿಕ ಜೀವನ

ಬಾಲೂ 1870ರ ದಶಕದ ಮಧ್ಯಭಾಗದಲ್ಲಿ ಚರ್ಮಕಾರ ಕುಟುಂಬವೊಂದರಲ್ಲಿ ಜನಿಸಿದರು. ಕುಟುಂಬದ ಮೂಲ ಕೊಂಕಣ ಪ್ರದೇಶದ ಪಾಲ್ವಣ್ ಗ್ರಾಮ. ತಂದೆ ಸೇನೆಯಲ್ಲಿ ಉದ್ಯೋಗಿಯಾಗಿದ್ದರು. ಸಹೋದರರಾದ ಶಿವರಾಮ್, ವಿಠ್ಠಲ್ ಮತ್ತು ಗಣಪತ್ ಕೂಡ ಕ್ರಿಕೆಟ್ ಆಟಗಾರರಾದರು.

ಪುಣೆಯ ಪಾರ್ಸಿ ಕ್ಲಬ್ಬೊಂದರಲ್ಲಿ ಪಿಚ್ ಗುಡಿಸಿ ಉರುಳುಗಲ್ಲು ಎಳೆಯುವ ಕೆಲಸಕ್ಕೆ ಬಾಲೂ ಅವರಿಗೆ ತಿಂಗಳಿಗೆ 3 ರೂಪಾಯಿ ಸಂಬಳವಿತ್ತು. ಬಳಿಕ ಐರೋಪ್ಯರ ಪುಣೆ ಕ್ಲಬ್ಬಿನಲ್ಲಿ 4 ರೂಪಾಯಿ ಸಂಬಳಕ್ಕೆ ಸೇರಿದರು. ಅಲ್ಲಿ ಸದಸ್ಯರ ಅಭ್ಯಾಸಕ್ಕಾಗಿ ದಿನವೂ ಬೌಲಿಂಗ್ ಮಾಡುತ್ತಿದ್ದರು. ಹೆಸರಾಂತ ಬ್ಯಾಟುಗಾರ ಜೆ. ಜಿ. ಗ್ರೇಗ್ ಅವರನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಬಹುಮಾನ ದೊರೆಯುತ್ತಿತ್ತೆಂದು ಹೇಳಲಾಗುತ್ತದೆ. ಆದರೆ ಬ್ಯಾಟಿಂಗ್ ಅಲ್ಲಿ ಐರೋಪ್ಯರಿಗೇ ಮೀಸಲಾಗಿತ್ತು.

ಕ್ರೀಡಾ ಜೀವನ

ಬಾಲೂ ಅವರ ಕೌಶಲ್ಯವನ್ನು ಕಂಡು ಪುಣೆಯ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಸಹ ಆಟಗಾರರು ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ವಿರಾಮದ ವೇಳೆಯಲ್ಲಿ ಮಾತ್ರ ಅವರಿಗೆ ಹೊರಗಡೆ, ಪ್ರತ್ಯೇಕ ಮಣ್ಣಿನ ಲೋಟದಲ್ಲಿ ಚಹಾ ಕೊಡಲಾಗುತ್ತಿತ್ತು. ಮುಂದೆ ಮುಂಬಯಿಗೆ ತೆರಳಿ ಹಿಂದೂ ಜಿಮ್ಖಾನಾ ಪರವಾಗಿ ಆಡಿದರು. 1906ರಲ್ಲಿ ಐರೋಪ್ಯರ ವಿರುದ್ಧ ಹಿಂದೂ ತಂಡ ಗಳಿಸಿದ ಐತಿಹಾಸಿಕ ಜಯದಲ್ಲಿ ಅವರ ಬೌಲಿಂಗ್ ನಿರ್ಣಾಯಕವಾಗಿತ್ತು.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡ್ ಪ್ರವಾಸ ಕೈಗೊಂಡ ಭಾರತ ತಂಡ ಹೆಚ್ಚಿನ ಪಂದ್ಯಗಳಲ್ಲಿ ಸೋತರೂ, ಬಾಲೂ 114 ವಿಕೆಟ್ ಪಡೆದರು. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ ಅವರ ಒಟ್ಟು ಗಳಿಕೆ 179 ವಿಕೆಟ್.

ನಾಯಕತ್ವದ ಪ್ರಶ್ನೆ

ಇಷ್ಟೆಲ್ಲ ಸಾಧನೆಯ ನಂತರವೂ ಹಿಂದೂ ತಂಡದ ನಾಯಕತ್ವ ಬಾಲೂ ಅವರಿಗೆ ದೊರೆಯಲಿಲ್ಲ. 1920ರಲ್ಲಿ ಅವರನ್ನು ಕೈಬಿಟ್ಟಾಗ ಸಹೋದರರು ಪ್ರತಿಭಟಿಸಿ ತಂಡದಿಂದ ಹೊರಗುಳಿದರು. ಅಂತಿಮವಾಗಿ 1923ರಲ್ಲಿ ತಮ್ಮ ವಿಠ್ಠಲ್ ನಾಯಕರಾದರು. ಅವರ ನೇತೃತ್ವದಲ್ಲಿ ತಂಡ ಚತುಷ್ಕೋನ ಪಂದ್ಯಾವಳಿಯನ್ನು ಗೆದ್ದಿತು.

ಸಾರ್ವಜನಿಕ ಜೀವನ

1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಲೂ ಕೂಡ ಒಬ್ಬರು. 1937ರ ಮುಂಬಯಿ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಡಾ. ಬಿ. ಆರ್. ಅಂಬೇಡ್ಕರ್ ವಿರುದ್ಧ ಸ್ಪರ್ಧಿಸಿ ಪರಾಭವಗೊಂಡರು. 1955ರ ಜುಲೈ 4ರಂದು ಮುಂಬಯಿಯಲ್ಲಿ ನಿಧನರಾದರು.