ಸಸ್ಯಜನ್ಯ ಬೆಳ್ಳಿ ನ್ಯಾನೊಕಣಗಳ ದ್ಯುತಿವೇಗವರ್ಧನೆ

ಎಲೆ, ಸಿಪ್ಪೆ ಮುಂತಾದವುಗಳ ಕಷಾಯದಿಂದ ತಯಾರಿಸಿದ 1–100 ನ್ಯಾನೊಮೀಟರ್ ಗಾತ್ರದ ಬೆಳ್ಳಿಕಣಗಳನ್ನು ಬಳಸಿ, ನೀರಿನಲ್ಲಿರುವ ಬಣ್ಣಗಳಂಥ ಸಾವಯವ ಮಾಲಿನ್ಯಕಾರಕಗಳನ್ನು ಬೆಳಕಿನ ನೆರವಿನಿಂದ ಒಡೆಯುವ ವಿಧಾನ.

ತಯಾರಿಕೆ ಅಡುಗೆಮನೆಯ ಕೆಲಸದಷ್ಟೇ ಸರಳ. ಬೇವಿನ ಎಲೆಯನ್ನು ತೊಳೆದು, ಹೆಚ್ಚಿ, ಕುದಿಸಿ, ಸೋಸಿದ ನೀರನ್ನು ಸಿಲ್ವರ್ ನೈಟ್ರೇಟ್‌ನ ತೆಳು ದ್ರಾವಣಕ್ಕೆ ಬೆರೆಸಿದರೆ ತಿಳಿಹಳದಿ ದ್ರಾವಣ ನೋಡನೋಡುತ್ತ ಕಂದಾಗುತ್ತದೆ. ಎಲೆಯ ಪಾಲಿಫೀನಾಲ್, ಫ್ಲೇವನಾಯ್ಡ್‌ಗಳು ಬೆಳ್ಳಿಯ ಅಯಾನುಗಳಿಗೆ ಎಲೆಕ್ಟ್ರಾನ್ ಕೊಟ್ಟು ಲೋಹವಾಗಿಸುತ್ತವೆ. ಕಣಗಳಿಗೆ ಅಂಟಿಕೊಂಡು ಅವು ಗಂಟುಕಟ್ಟದಂತೆಯೂ ತಡೆಯುತ್ತವೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುರಳಿ ಶಾಸ್ತ್ರಿ ಮತ್ತು ಸಂಗಡಿಗರು ಬೇವಿನೆಲೆಯ ಈ ವಿಧಾನವನ್ನು 2004ರಲ್ಲಿ ಪ್ರಕಟಿಸಿದರು.

ಇಂಥ ಕಣಗಳು ಸಾಮಾನ್ಯವಾಗಿ 400–450 ನ್ಯಾನೊಮೀಟರ್ ಆಸುಪಾಸಿನ ಬೆಳಕನ್ನು ಬಲವಾಗಿ ಹೀರುತ್ತವೆ. ಆಗ ಚಿಮ್ಮುವ ಎಲೆಕ್ಟ್ರಾನುಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಸೂಪರಾಕ್ಸೈಡ್ ಆಗಿಸುತ್ತವೆ. ಅದು ಮತ್ತು ಅದರಿಂದ ಹುಟ್ಟುವ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಬಣ್ಣದ ಅಣುವನ್ನು ಮುರಿಯುತ್ತವೆ.

ಪರೀಕ್ಷೆಗೆ ಹೆಚ್ಚಾಗಿ ಬಳಸುವುದು ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು. 664 ನ್ಯಾನೊಮೀಟರ್‌ನಲ್ಲಿ ಅದರ ಹೀರಿಕೆ ಇಳಿದಂತೆ ಬಣ್ಣ ಹೋಯಿತೆಂದು ಲೆಕ್ಕ. ಆದರೆ ಬಣ್ಣ ಹೋದ ಮಾತ್ರಕ್ಕೆ ಮಾಲಿನ್ಯ ಹೋಯಿತೆನ್ನಲಾಗದು. ಎಲೆಕ್ಟ್ರಾನ್ ಕೊಡುವ ಸೋಡಿಯಂ ಬೋರೋಹೈಡ್ರೈಡ್ ಸೇರಿಸಿದ ಪ್ರಯೋಗಗಳಲ್ಲಂತೂ ಕತ್ತಲಲ್ಲೂ ನೀಲಿ ಮಾಯವಾಗುತ್ತದೆ; ಗಾಳಿ ತಾಗಿದರೆ ಮರಳಲೂಬಹುದು. ಹಾಗಾಗಿ ಕತ್ತಲಿನ ಹೋಲಿಕೆ ಪ್ರಯೋಗವೂ ಒಟ್ಟು ಸಾವಯವ ಇಂಗಾಲದ ಅಳತೆಯೂ ಇಲ್ಲದ ಫಲಿತಾಂಶವನ್ನು ಅನುಮಾನದಿಂದಲೇ ಓದಬೇಕು.

ಇನ್ನೊಂದು ತೊಡಕೂ ಇದೆ: ಕಣಗಳಿಂದ ಬಿಡುಗಡೆಯಾಗುವ ಬೆಳ್ಳಿಯ ಅಯಾನು ಪಾಚಿ, ಮೀನುಗಳಿಗೆ ವಿಷ. ಉಪ್ಪುನೀರಿನಲ್ಲಿ ಅದು ಸಿಲ್ವರ್ ಕ್ಲೋರೈಡ್ ಆಗಿ ತಳಕ್ಕೆ ಕೂರಬಹುದು. ಕಣಗಳು ನೀರಿಗೆ ಸೇರಿಹೋಗದಂತೆ ಅವನ್ನು ಸತುವಿನ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್ ಅಥವಾ ಕೈಟೊಸಾನ್ ಗುಂಡುಗಳ ಮೇಲೆ ಕೂರಿಸುವ ಪ್ರಯತ್ನಗಳು ನಡೆದಿವೆ.